ಆರೋಗ್ಯಕ್ಕೆ ಹಣ ಬರುವ ದಾರಿ

ಭಾರತದಲ್ಲಿ ಆರೋಗ್ಯ ಬಜೆಟ್ ಎಂಬ ಒಂದೇ ಪುಸ್ತಕ ಎಲ್ಲೂ ಅಚ್ಚಾಗುವುದಿಲ್ಲ. ಕೇಂದ್ರದ ಆಯವ್ಯಯದಲ್ಲಿ ಕೆಲವು ಪುಟ, ಪ್ರತಿ ರಾಜ್ಯದ ಆಯವ್ಯಯದಲ್ಲಿ ಕೆಲವು ಪುಟ, ಪಾಲಿಕೆ ಪಂಚಾಯತಿಗಳ ಲೆಕ್ಕದಲ್ಲಿ ಕೆಲವು ಸಾಲು, ಕಾರ್ಮಿಕ, ರಕ್ಷಣೆ, ರೈಲ್ವೆ ಇಲಾಖೆಗಳ ಕಡತಗಳಲ್ಲಿ ಇನ್ನಷ್ಟು; ಹೀಗೆ ಅದು ಚೆದುರಿಹೋಗಿದೆ. ಫೆಬ್ರುವರಿ 1ರ ಸಂಜೆ ‘ಆರೋಗ್ಯಕ್ಕೆ ಇಷ್ಟು ಸಾವಿರ ಕೋಟಿ’ ಎಂದು ಟಿವಿಯಲ್ಲಿ ಬರುವ ಅಂಕಿ ಇದರ ಒಂದು ತುಂಡು. 2025-26ರಲ್ಲಿ ಆ ತುಂಡು 99,858.56 ಕೋಟಿ ರೂಪಾಯಿ. ಅದರಲ್ಲಿ 95,957.87 ಕೋಟಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯದು, 3,900.69 ಕೋಟಿ ಆರೋಗ್ಯ ಸಂಶೋಧನಾ ಇಲಾಖೆಯದು. ಆ ವರ್ಷ ಕೇಂದ್ರದ ಒಟ್ಟು ಅಂದಾಜು ವೆಚ್ಚ 50 ಲಕ್ಷ ಕೋಟಿ ದಾಟಿತ್ತು. ನೂರು ರೂಪಾಯಿಗೆ ಹೆಚ್ಚುಕಡಿಮೆ ಎರಡು ರೂಪಾಯಿ ಆರೋಗ್ಯ ಸಚಿವಾಲಯದ ಪಾಲಿಗೆ ಬಂದ ಲೆಕ್ಕ.

ಈ ಚೆದುರುವಿಕೆಗೆ ಬೇರು ಸಂವಿಧಾನದಲ್ಲಿದೆ. ಏಳನೆಯ ಅನುಸೂಚಿಯಲ್ಲಿ ‘ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ, ಆಸ್ಪತ್ರೆಗಳು ಮತ್ತು ಔಷಧಾಲಯಗಳು’ ರಾಜ್ಯಪಟ್ಟಿಯ 6ನೆಯ ಬಾಬತ್ತು. ಬಂದರುಗಳಲ್ಲಿ ಸೋಂಕು ತಡೆಯುವುದು ಕೇಂದ್ರಪಟ್ಟಿಯಲ್ಲಿದೆ. ವೈದ್ಯಕೀಯ ಶಿಕ್ಷಣ, ವೈದ್ಯವೃತ್ತಿ, ಔಷಧ ನಿಯಂತ್ರಣ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಂಕ್ರಾಮಿಕ ರೋಗ ಹರಡದಂತೆ ನೋಡಿಕೊಳ್ಳುವುದು ಸಮವರ್ತಿ ಪಟ್ಟಿಯಲ್ಲಿವೆ. ಕುಟುಂಬ ಯೋಜನೆ 1976ರ 42ನೆಯ ತಿದ್ದುಪಡಿಯೊಂದಿಗೆ ಅದೇ ಪಟ್ಟಿ ಸೇರಿತು. ಜನರ ಆರೋಗ್ಯ ಸುಧಾರಿಸುವುದು ಸರ್ಕಾರದ ಮೊದಲ ಕರ್ತವ್ಯಗಳಲ್ಲಿ ಒಂದೆಂದು 47ನೆಯ ವಿಧಿ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ, ಅದರ ಮೇಲೆ ನೇರವಾಗಿ ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ಒಟ್ಟಿನಲ್ಲಿ ಆಸ್ಪತ್ರೆ ನಡೆಸುವ ಹೊಣೆ ರಾಜ್ಯದ್ದು, ಹೆಚ್ಚು ಫಲ ಕೊಡುವ ತೆರಿಗೆಗಳ ಹಿಡಿತ ಕೇಂದ್ರದ್ದು. ಭಾರತದ ಆರೋಗ್ಯ ಹಣಕಾಸಿನ ಮುಕ್ಕಾಲು ತೊಡಕು ಈ ಒಂದು ಏರ್ಪಾಟಿನಿಂದ ಹುಟ್ಟುತ್ತದೆ.

ಬೆಂಗಳೂರಿನಲ್ಲಿ ಒಂದು ಸುತ್ತು ಹಾಕಿದರೆ ಇದು ಕಣ್ಣಿಗೇ ಕಾಣುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ 2012ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಅದರ ಅನುದಾನ ಕೇಂದ್ರ ಆರೋಗ್ಯ ಸಚಿವಾಲಯದ ಬೇಡಿಕೆಯಲ್ಲಿ ಸೇರಿರುತ್ತದೆ. ಅದರ ನೆರೆಯಲ್ಲೇ ಇರುವ ಕಿದ್ವಾಯಿ ಗಂಥಿ ಸಂಸ್ಥೆ ರಾಜ್ಯದ ಸ್ವಾಯತ್ತ ಸಂಸ್ಥೆ. ಅದರ ಹಣಕ್ಕೆ ವಿಧಾನಸಭೆಯ ಒಪ್ಪಿಗೆ ಬೇಕು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಡೆಯುವುದು 1948ರ ಕಾಯ್ದೆಯೊಂದಿಗೆ ಶುರುವಾದ, ಕಾರ್ಮಿಕರು ಮತ್ತು ಮಾಲೀಕರು ಕಟ್ಟುವ ವಂತಿಗೆಯಿಂದ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಂದ ಸಂಬಳದ ಶೇ. 0.75, ಮಾಲೀಕರಿಂದ ಶೇ. 3.25. ಹಳೇ ವಿಮಾನ ನಿಲ್ದಾಣ ರಸ್ತೆಯ ಕಮಾಂಡ್ ಆಸ್ಪತ್ರೆಯ ಖರ್ಚು ರಕ್ಷಣಾ ಸಚಿವಾಲಯದ ಲೆಕ್ಕ. ಬಡಾವಣೆಯ ಹೆರಿಗೆ ಆಸ್ಪತ್ರೆ ಪಾಲಿಕೆಯದು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ಕೆಲಸ ಇರುವವರೆಗೆ ಇಎಸ್‌ಐ ಕಾರ್ಡು ನಡೆಯುತ್ತದೆ. ಕೆಲಸ ಬಿಟ್ಟು ಊರಿಗೆ ಹೋದರೆ ಅವಳ ಚಿಕಿತ್ಸೆಯ ಹಣ ಬೇರೊಂದು ಚೀಲದಿಂದ ಬರಬೇಕು, ಆ ಚೀಲದ ಬಾಯಿ ಎಲ್ಲಿದೆ ಎಂಬುದನ್ನು ಅವಳೇ ಹುಡುಕಿಕೊಳ್ಳಬೇಕು.

ಯಾವುದನ್ನು ಆರೋಗ್ಯದ ಖರ್ಚು ಎಂದು ಎಣಿಸಬೇಕು ಎಂಬುದೂ ನಿಂತ ನೀರಲ್ಲ. 2021-22ರ ಬಜೆಟ್ ಭಾಷಣದಲ್ಲಿ ‘ಆರೋಗ್ಯ ಮತ್ತು ಯೋಗಕ್ಷೇಮ’ಕ್ಕೆ 2,23,846 ಕೋಟಿ ಎಂದೂ, ಇದು ಹಿಂದಿನ ವರ್ಷದ 94,452 ಕೋಟಿಗಿಂತ ಶೇ. 137 ಹೆಚ್ಚೆಂದೂ ಘೋಷಣೆಯಾಯಿತು. ಆ ಮೊತ್ತವನ್ನು ಬಿಡಿಸಿ ನೋಡಬೇಕು. ಆರೋಗ್ಯ ಇಲಾಖೆಗೆ 71,269 ಕೋಟಿ, ಸಂಶೋಧನೆಗೆ 2,663, ಆಯುಷ್‌ಗೆ 2,970, ಕೋವಿಡ್ ಲಸಿಕೆಗೆ 35,000, ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ 60,030, ಪೌಷ್ಟಿಕತೆಗೆ 2,700, ಹಣಕಾಸು ಆಯೋಗದ ನೀರು ನೈರ್ಮಲ್ಯ ಅನುದಾನ 36,022, ಅದೇ ಆಯೋಗದ ಆರೋಗ್ಯ ಅನುದಾನ 13,192. ಕೂಡಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ಶುದ್ಧ ನೀರಿಲ್ಲದೆ ಆರೋಗ್ಯವಿಲ್ಲ ಎಂಬುದೂ ನಿಜ. ಆದರೆ ನಲ್ಲಿ ಹಾಕಿಸುವ ಹಣದಿಂದ ದಾದಿಯ ಸಂಬಳ ಆಗುವುದಿಲ್ಲ. ಎರಡು ವರ್ಷಗಳ ಅಂಕಿಗಳನ್ನು ಹೋಲಿಸುವವರು ಮೊದಲು ಎರಡರಲ್ಲೂ ಒಂದೇ ಬಾಬತ್ತುಗಳು ಸೇರಿವೆಯೇ ಎಂದು ನೋಡಿಕೊಳ್ಳುವುದು ಅಗತ್ಯ. ಇಲಾಖೆಯ 71,269 ಕೋಟಿಯನ್ನಷ್ಟೇ ತೆಗೆದುಕೊಂಡವರಿಗೆ ಆ ವರ್ಷ ಬೇರೆಯದೇ ಚಿತ್ರ ಕಂಡಿತು.

ಹಣದ ಮೂಲಗಳಲ್ಲಿ ದೊಡ್ಡದು ಸಾಮಾನ್ಯ ತೆರಿಗೆ. ಆದಾಯ ತೆರಿಗೆ, ಕಂಪನಿ ತೆರಿಗೆ, ಜಿಎಸ್‌ಟಿ, ಸುಂಕ ಎಲ್ಲವೂ 266ನೆಯ ವಿಧಿಯ ಸಂಚಿತ ನಿಧಿಗೆ ಬಂದು ಬೀಳುತ್ತವೆ. ಅಲ್ಲಿ ಸೇರಿದ ರೂಪಾಯಿಗೆ ಗುರುತಿರುವುದಿಲ್ಲ, ರಸ್ತೆಗೂ ಆಸ್ಪತ್ರೆಗೂ ಅದೇ ರೂಪಾಯಿ. ಗುರುತು ಹಾಕಿ ವಸೂಲು ಮಾಡುವುದು ಸೆಸ್. 2018-19ರಿಂದ ಆದಾಯ ತೆರಿಗೆಯ ಮೇಲೆ ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಇದೆ. ಅದಕ್ಕೆ ಮೊದಲು ಶೇ. 3ರ ಶಿಕ್ಷಣ ಸೆಸ್ ಮಾತ್ರ ಇತ್ತು. ಈ ಸೆಸ್‌ನಲ್ಲಿ ಆರೋಗ್ಯದ ಪಾಲನ್ನು ವರ್ಷ ಮುಗಿದರೂ ಲ್ಯಾಪ್ಸ್ ಆಗದಂತೆ ಇಡಲು 2021ರ ಮಾರ್ಚ್‌ನಲ್ಲಿ ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ನಿಧಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಸೆಸ್‌ನಿಂದ ಹಣ ಬರುವುದೇನೋ ಖಚಿತ, ಆದರೆ ರಾಜ್ಯಗಳಿಗೆ ಹಂಚುವ ತೆರಿಗೆಯ ರಾಶಿಗೆ ಅದು ಸೇರುವುದಿಲ್ಲ. ಆಸ್ಪತ್ರೆ ನಡೆಸುವವರು ರಾಜ್ಯಗಳು, ಆರೋಗ್ಯದ ಹೆಸರಿನಲ್ಲಿ ಎತ್ತಿದ ಹಣ ಎಲ್ಲಿ ಹೇಗೆ ಖರ್ಚಾಗಬೇಕೆಂದು ತೀರ್ಮಾನಿಸುವುದು ಕೇಂದ್ರ. ಈ ಬಗ್ಗೆ ರಾಜ್ಯಗಳು ಹೇಳುವ ದೂರಿನಲ್ಲಿ ಹುರುಳಿದೆ.

ಹಂಚುವ ರಾಶಿಯ ಪ್ರಮಾಣವನ್ನು 280ನೆಯ ವಿಧಿಯಡಿ ಐದು ವರ್ಷಕ್ಕೊಮ್ಮೆ ನೇಮಕವಾಗುವ ಹಣಕಾಸು ಆಯೋಗ ಶಿಫಾರಸು ಮಾಡುತ್ತದೆ. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೆಯ ಆಯೋಗ ರಾಜ್ಯಗಳಿಗೆ ಶೇ. 41 ಎಂದಿತು. ಆ ರಾಶಿಯೊಳಗೆ ಕರ್ನಾಟಕದ ಪಾಲು 14ನೆಯ ಆಯೋಗದಲ್ಲಿ ಶೇ. 4.713 ಇದ್ದದ್ದು 15ನೆಯದರಲ್ಲಿ ಶೇ. 3.647ಕ್ಕೆ ಇಳಿಯಿತು. ಇದು ಆರೋಗ್ಯ ಇಲಾಖೆಯ ಕಡತದಲ್ಲಿ ಎಲ್ಲೂ ಕಾಣದ ಅಂಕಿ. ಆದರೂ ರಾಜ್ಯದ ಒಟ್ಟು ಕೈಬಲ ಕುಗ್ಗಿದಾಗ ಎಲ್ಲ ಇಲಾಖೆಗಳ ಜೊತೆ ಆರೋಗ್ಯಕ್ಕೂ ಬಿಗಿ ತಟ್ಟುತ್ತದೆ. ಅದೇ 15ನೆಯ ಆಯೋಗ ಒಂದು ಹೊಸ ಕೆಲಸವನ್ನೂ ಮಾಡಿತು: 2021ರಿಂದ 2026ರವರೆಗಿನ ಐದು ವರ್ಷಕ್ಕೆ 70,051 ಕೋಟಿ ರೂಪಾಯಿಯ ಆರೋಗ್ಯ ಅನುದಾನವನ್ನು ಸ್ಥಳೀಯ ಸಂಸ್ಥೆಗಳ ಮೂಲಕ ಕೊಡಬೇಕೆಂದಿತು. ಉಪಕೇಂದ್ರಗಳ ಕಟ್ಟಡ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತ ಮೂತ್ರ ಪರೀಕ್ಷೆಯ ಸೌಕರ್ಯ, ನಗರಗಳ ಸಣ್ಣ ಕ್ಲಿನಿಕ್ಕುಗಳು ಇದರ ವ್ಯಾಪ್ತಿಗೆ ಬಂದವು. ಗ್ರಾಮ ಪಂಚಾಯತಿಯನ್ನೂ ಪಟ್ಟಣ ಪಂಚಾಯತಿಯನ್ನೂ ಆರೋಗ್ಯದ ಲೆಕ್ಕಕ್ಕೆ ಎಳೆದು ತಂದ ಈ ಹೆಜ್ಜೆ ಅದಕ್ಕೆ ಸಿಕ್ಕಬೇಕಾದಷ್ಟು ಚರ್ಚೆಯನ್ನು ಪಡೆಯಲಿಲ್ಲ.

ರಾಜ್ಯದ ಸ್ವಂತ ಮೂಲಗಳು ರಾಜ್ಯ ಜಿಎಸ್‌ಟಿ, ಅಬಕಾರಿ, ನೋಂದಣಿ ಮುದ್ರಾಂಕ, ಮೋಟಾರು ವಾಹನ ತೆರಿಗೆ. ಕರ್ನಾಟಕದ 2025-26ರ ಆಯವ್ಯಯದ ಗಾತ್ರ 4,09,549 ಕೋಟಿ. ಅದರಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣಕ್ಕೆ 17,473 ಕೋಟಿ. ಅದೇ ವರ್ಷ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ. ಮದ್ಯದಿಂದ ಬರುವ ವರಮಾನ ಆರೋಗ್ಯಕ್ಕೆ ಕೊಡುವ ಹಣದ ಎರಡು ಪಟ್ಟಿಗಿಂತ ಹೆಚ್ಚು. ಯಕೃತ್ತಿನ ಕಾಯಿಲೆ, ರಸ್ತೆ ಅಪಘಾತ, ಮನೆಯೊಳಗಿನ ಹಿಂಸೆ ಇವುಗಳ ಖರ್ಚು ಹೊರುವ ಬೊಕ್ಕಸವೇ ಅವುಗಳಿಗೆ ಕಾರಣವಾದ ಸರಕಿನ ಮೇಲೆ ಇಷ್ಟು ಒರಗಿ ನಿಂತಿರುವುದು ಕಳವಳದ ಸಂಗತಿ. ಸಾಲವೂ ಒಂದು ಮೂಲವೇ. ಆದರೆ ಅದಕ್ಕೆ ಮಿತಿಯಿದೆ. ಕರ್ನಾಟಕ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಮೊದಲ ರಾಜ್ಯ. ಸಾಲದ ಹಣದಿಂದ ಕಟ್ಟಡ ಎದ್ದೀತು, ಸಿಬ್ಬಂದಿಯ ಸಂಬಳವನ್ನು ವರ್ಷವರ್ಷವೂ ಸಾಲದಿಂದ ಕೊಡಲಾಗದು.

ಯೋಜನೆ ತಯಾರಿಸುವ ಕೆಲಸ ಎರಡು ದಿಕ್ಕುಗಳಿಂದ ನಡೆಯುತ್ತದೆ. ಮೇಲಿನಿಂದ ಬರುವುದು ಮಿತಿ. ಕೇಂದ್ರ ಹಣಕಾಸು ಸಚಿವಾಲಯದ ಬಜೆಟ್ ವಿಭಾಗ ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲ ಸಚಿವಾಲಯಗಳಿಗೂ ಬಜೆಟ್ ಸುತ್ತೋಲೆ ಕಳುಹಿಸುತ್ತದೆ. ಬಳಿಕ ವೆಚ್ಚ ಇಲಾಖೆಯ ಕಾರ್ಯದರ್ಶಿಯ ಮುಂದೆ ಸಭೆಗಳು. ಅಲ್ಲಿ ಮೂರು ಅಂಕಿಗಳು ಮೇಜಿನ ಮೇಲಿರುತ್ತವೆ: ಹಿಂದಿನ ವರ್ಷದ ವಾಸ್ತವ ವೆಚ್ಚ, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಆಯವ್ಯಯ ಅಂದಾಜು. ಕೊಟ್ಟದ್ದನ್ನು ಖರ್ಚು ಮಾಡದ ಇಲಾಖೆಗೆ ಮುಂದಿನ ವರ್ಷ ಹೆಚ್ಚು ಕೇಳಲು ಬಾಯಿ ಬರುವುದಿಲ್ಲ. 2020-21ರಲ್ಲಿ ಆಯುಷ್ಮಾನ್ ಭಾರತ ಜನಾರೋಗ್ಯ ಯೋಜನೆಗೆ ಮೊದಲು ಇಟ್ಟಿದ್ದು 6,400 ಕೋಟಿ, ಪರಿಷ್ಕೃತ ಅಂದಾಜಿನಲ್ಲಿ ಅದು 3,100 ಕೋಟಿಗೆ ಇಳಿಯಿತು. ಫೆಬ್ರುವರಿಯ ಅಂಕಿಯನ್ನು ಮಾತ್ರ ಓದಿ ಪುಸ್ತಕ ಮುಚ್ಚುವವರಿಗೆ ಈ ಇಳಿಕೆ ತಿಳಿಯುವುದೇ ಇಲ್ಲ.

ಕೆಳಗಿನಿಂದ ಏರುವುದು ಬೇಡಿಕೆ. 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಈ ದಾರಿಯನ್ನು ತೆರೆಯಿತು. 2013ರಲ್ಲಿ ನಗರದ ಅಭಿಯಾನವೂ ಸೇರಿ ಅದು ರಾಷ್ಟ್ರೀಯ ಆರೋಗ್ಯ ಅಭಿಯಾನವಾಯಿತು. ಕೇಂದ್ರ ಆರೋಗ್ಯ ಬಜೆಟ್ಟಿನಲ್ಲಿ ಇದೇ ಅತಿ ದೊಡ್ಡ ಕಾರ್ಯಕ್ರಮ, 2025-26ರಲ್ಲಿ ಸುಮಾರು 37,200 ಕೋಟಿ. ಗ್ರಾಮ ಮಟ್ಟದ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಿಂದ ಶುರುವಾಗಿ ತಾಲೂಕು, ಜಿಲ್ಲೆ, ರಾಜ್ಯ ಎಂದು ಯೋಜನೆ ಮೇಲೇರಬೇಕು. ರಾಜ್ಯದ ಆರೋಗ್ಯ ಸಂಘ ಎಲ್ಲವನ್ನೂ ಒಟ್ಟುಗೂಡಿಸಿ ‘ಪಿಐಪಿ’ ಎಂದು ಕರೆಯುವ ಅನುಷ್ಠಾನ ಯೋಜನೆ ಸಿದ್ಧಪಡಿಸುತ್ತದೆ. ದೆಹಲಿಯಲ್ಲಿ ಅದರ ಮೇಲೆ ಸಾಲುಸಾಲಾಗಿ ಚರ್ಚೆ ನಡೆದು, ಒಪ್ಪಿದ್ದು ಬಿಟ್ಟದ್ದು ಎಲ್ಲ ‘ಆರ್‌ಓಪಿ’ ಎಂಬ ನಡಾವಳಿಯಾಗಿ ಹಿಂದಿರುಗುತ್ತದೆ. ಇಲಾಖೆಯವರ ಮಾತಿನಲ್ಲಿ ‘ಆರ್‌ಓಪಿಯಲ್ಲಿ ಇದೆಯಾ’ ಎಂಬುದೇ ಮೊದಲ ಪ್ರಶ್ನೆ. ಇಲ್ಲದಿದ್ದರೆ ಒಂದು ಲ್ಯಾಬ್ ಟೆಕ್ನೀಶಿಯನ್ ಹುದ್ದೆಯನ್ನೂ ತುಂಬುವಂತಿಲ್ಲ. 2022ರಿಂದ ಎರಡು ವರ್ಷಕ್ಕೊಂದೇ ಯೋಜನೆ ಎಂಬ ಪದ್ಧತಿ ಬಂದದ್ದು ಒಳ್ಳೆಯದಾಯಿತು, ಜಿಲ್ಲೆಯ ಅಧಿಕಾರಿಗಳಿಗೆ ಉಸಿರಾಡಲು ಸಮಯ ಸಿಕ್ಕಿತು. ಆದರೂ ಹಳ್ಳಿಯ ಸಮಿತಿಯಲ್ಲಿ ಕೂತು ಬರೆಯಬೇಕಾದ ಯೋಜನೆ ಎಷ್ಟೋ ಕಡೆ ತಾಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಹುಟ್ಟುತ್ತದೆ, ಹಿಂದಿನ ಸಲದ ಫೈಲಿನಲ್ಲಿ ಅಂಕಿಗಳಷ್ಟೇ ಬದಲಾಗುತ್ತವೆ. ಕೆಳಗಿನಿಂದ ಮೇಲೆ ಎಂಬ ಮಾತು ಅಲ್ಲಿಗೆ ಕಾಗದದ ಮಾತಾಗುತ್ತದೆ.

ಅಭಿಯಾನದ ಖರ್ಚಿನಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು 60:40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10. 2015-16ಕ್ಕೆ ಮೊದಲು ರಾಜ್ಯದ ಪಾಲು ಇದಕ್ಕಿಂತ ಕಡಿಮೆ, ಶೇ. 25. ಪಾಲು ಬದಲಾದಾಗ ರಾಜ್ಯಗಳು ತಮ್ಮ ಬೇರೆ ಆರೋಗ್ಯ ಬಾಬತ್ತುಗಳಿಂದ ಹಣ ತೆಗೆದು ಇಲ್ಲಿಗೆ ಸೇರಿಸಬೇಕಾಯಿತು. ಕೇಂದ್ರದ ಅರವತ್ತು ಪೈಸೆ ಬಿಟ್ಟುಕೊಡಲು ಯಾವ ಹಣಕಾಸು ಕಾರ್ಯದರ್ಶಿಗೂ ಮನಸ್ಸು ಬಾರದು; ಹಾಗಾಗಿ ರಾಜ್ಯದ ಆದ್ಯತೆಗಳು ದೆಹಲಿಯ ಯೋಜನೆಗಳ ಆಕಾರಕ್ಕೆ ಮಡಚಿಕೊಳ್ಳುತ್ತವೆ.

2017ರವರೆಗೆ ಇನ್ನೊಂದು ಗೋಡೆಯೂ ಇತ್ತು. ಖರ್ಚನ್ನು ಯೋಜನೆ, ಯೋಜನೇತರ ಎಂದು ಭಾಗಿಸುತ್ತಿದ್ದರು. ಹೊಸ ಆಸ್ಪತ್ರೆ ಕಟ್ಟುವುದು ಯೋಜನಾ ವೆಚ್ಚ. ಕಟ್ಟಿದ ಆಸ್ಪತ್ರೆಗೆ ದಾದಿಯರನ್ನು ಇಡುವುದು, ಹಾಸಿಗೆ ಒಗೆಸುವುದು, ಕರೆಂಟ್ ಬಿಲ್ ಕಟ್ಟುವುದು ಯೋಜನೇತರ. ಯೋಜನಾ ವೆಚ್ಚಕ್ಕೆ ಗೌರವ, ಯೋಜನೇತರ ಎಂದರೆ ದಂಡದ ಖರ್ಚೆಂಬ ಭಾವನೆ. ಉದ್ಘಾಟನೆಯ ಕಲ್ಲಿರುವ, ಆದರೆ ಹೆರಿಗೆ ಮಾಡಿಸಲು ಯಾರೂ ಇಲ್ಲದ ಕಟ್ಟಡಗಳು ನಾಡಿನ ತುಂಬ ನಿಂತದ್ದಕ್ಕೆ ಈ ವಿಂಗಡಣೆಯೂ ಒಂದು ಕಾರಣ. 2015ರ ಜನವರಿ 1ರಂದು ಯೋಜನಾ ಆಯೋಗದ ಜಾಗಕ್ಕೆ ನೀತಿ ಆಯೋಗ ಬಂತು, 2017-18ರ ಬಜೆಟ್ಟಿನಿಂದ ಯೋಜನೆ, ಯೋಜನೇತರ ಭೇದ ಹೋಯಿತು. ಅದೇ ವರ್ಷ ಬಜೆಟ್ ಮಂಡನೆ ಫೆಬ್ರುವರಿ ಕೊನೆಯಿಂದ 1ನೆಯ ತಾರೀಖಿಗೆ ಬಂದು, ಏಪ್ರಿಲ್ 1ಕ್ಕೆ ಮೊದಲೇ ಹಣಕ್ಕೆ ಪೂರ್ತಿ ಮಂಜೂರಾತಿ ಸಿಗುವ ಹಾದಿ ಸುಗಮವಾಯಿತು.

ಸಂಸತ್ತಿನಲ್ಲಿ ನಡೆಯುವ ಕ್ರಮ ಸಂವಿಧಾನದ 112ರಿಂದ 114ರವರೆಗಿನ ವಿಧಿಗಳಲ್ಲಿದೆ. ವಾರ್ಷಿಕ ಹಣಕಾಸು ವಿವರಣೆ ಮಂಡನೆ, ಅನುದಾನ ಬೇಡಿಕೆಗಳ ಮೇಲೆ ಲೋಕಸಭೆಯ ಮತ, ಕೊನೆಗೆ ಧನವಿನಿಯೋಗ ಮಸೂದೆ. ಆ ಮಸೂದೆ ಕಾಯ್ದೆಯಾಗದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯೂ ಹೊರಬರುವಂತಿಲ್ಲ. ನಡುವೆ ಆರೋಗ್ಯ ಮತ್ತು ಕುಟುಂಬ ಕಲ್ಯಾಣದ ಸ್ಥಾಯಿ ಸಮಿತಿ ಬೇಡಿಕೆಗಳನ್ನು ಪರಿಶೀಲಿಸಿ ವರದಿ ಕೊಡುತ್ತದೆ. ಸಚಿವಾಲಯ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು, ಉಳಿಸಿಕೊಂಡದ್ದೆಷ್ಟು ಎಂಬುದು ಪಕ್ಷಭೇದವಿಲ್ಲದೆ ಬಯಲಾಗುವ ಜಾಗ ಇದೊಂದೇ. ಸದನದಲ್ಲಿ ಕೆಲವೇ ಸಚಿವಾಲಯಗಳ ಬೇಡಿಕೆಗಳಿಗೆ ಚರ್ಚೆಯ ಸಮಯ ಸಿಗುತ್ತದೆ. ಉಳಿದವು ಗಿಲೋಟಿನ್‌ಗೆ ಸಿಕ್ಕಿ, ಚರ್ಚೆಯಿಲ್ಲದೆ ಒಂದೇ ಏಟಿಗೆ ಅಂಗೀಕಾರವಾಗುತ್ತವೆ. ದೇಶದ ಎಲ್ಲರ ಆರೋಗ್ಯಕ್ಕೆ ಸೇರಿದ ಬೇಡಿಕೆ ಎಷ್ಟೋ ವರ್ಷ ಈ ಎರಡನೆಯ ಗುಂಪಿನಲ್ಲೇ ಉಳಿಯುತ್ತದೆ. ವರ್ಷದ ನಡುವೆ ಹೆಚ್ಚು ಹಣ ಬೇಕಾದರೆ 115ನೆಯ ವಿಧಿಯ ಪೂರಕ ಬೇಡಿಕೆ ಇದೆ. ಕೋವಿಡ್ ಕಾಲದಲ್ಲಿ 2020ರ ಏಪ್ರಿಲ್‌ನಲ್ಲಿ 15,000 ಕೋಟಿ, 2021ರ ಜುಲೈನಲ್ಲಿ ರಾಜ್ಯಗಳ ಪಾಲೂ ಸೇರಿ 23,123 ಕೋಟಿ ರೂಪಾಯಿಯ ತುರ್ತು ಪ್ಯಾಕೇಜುಗಳು ಹೀಗೆ ಬಜೆಟ್ಟಿನ ಆಚೆಗೆ ರೂಪುಗೊಂಡವು.

ಮಂಜೂರಾದ ಹಣಕ್ಕೆ ವಿಳಾಸ ಬೇಕು. ಅದು ಲೆಕ್ಕಶೀರ್ಷಿಕೆ. ಕೇಂದ್ರಕ್ಕೂ ಎಲ್ಲ ರಾಜ್ಯಗಳಿಗೂ ಪ್ರಧಾನ ಶೀರ್ಷಿಕೆಗಳು ಒಂದೇ. 2210 ಎಂದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ, 2211 ಎಂದರೆ ಕುಟುಂಬ ಕಲ್ಯಾಣ. ಎರಡರಿಂದ ಶುರುವಾದದ್ದು ರಾಜಸ್ವ ವೆಚ್ಚ. ಅದೇ ನಾಲ್ಕರಿಂದ ಶುರುವಾಗಿ 4210 ಆದರೆ ಬಂಡವಾಳ ವೆಚ್ಚ, ಕಟ್ಟಡ ಮತ್ತು ದೊಡ್ಡ ಯಂತ್ರಗಳದು. 2210ರ ಒಳಗೆ 01 ನಗರದ ಅಲೋಪಥಿ ಸೇವೆ, 03 ಗ್ರಾಮೀಣ ಅಲೋಪಥಿ ಸೇವೆ, 05 ವೈದ್ಯಕೀಯ ಶಿಕ್ಷಣ, 06 ಸಾರ್ವಜನಿಕ ಆರೋಗ್ಯ. 2210-03-103 ಎಂದು ಬರೆದರೆ ಪ್ರಾಥಮಿಕ ಆರೋಗ್ಯ ಕೇಂದ್ರ. ಮುಂದಿನ ಅಂಕಿಗಳು ಯಾವ ಯೋಜನೆ, ಕೊನೆಯವು ಯಾವ ಬಗೆಯ ಖರ್ಚು ಎಂದು ಹೇಳುತ್ತವೆ: ಸಂಬಳವೋ, ಪ್ರಯಾಣ ಭತ್ಯೆಯೋ, ಔಷಧವೋ, ವಾಹನದ ಇಂಧನವೋ. ಈ ಕೊನೆಯ ಅಂಕಿಗಳಲ್ಲೇ ನಿಜವಾದ ಕಥೆ ಇರುತ್ತದೆ. ಇಂಧನದ ಸಾಲಿನಲ್ಲಿ ಹಣ ಮುಗಿದು ಔಷಧದ ಸಾಲಿನಲ್ಲಿ ಉಳಿದಿದ್ದರೆ, ಮೇಲಿನವರ ಪುನರ್ವಿನಿಯೋಗದ ಆದೇಶ ಬರುವವರೆಗೆ ಆಂಬುಲೆನ್ಸ್ ನಿಲ್ಲುತ್ತದೆ, ಔಷಧದ ಹಣ ಹಾಗೆಯೇ ಇರುತ್ತದೆ. ಕರ್ನಾಟಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಜಿಲ್ಲಾ ಪಂಚಾಯತಿಯ ಅಡಿಗೆ ಬರುವುದರಿಂದ ಅವುಗಳ ಹಣ ರಾಜ್ಯದ ಮುಖ್ಯ ಪುಸ್ತಕದಲ್ಲಿ ಒಂದೇ ಸಾಲಾಗಿ ಕಂಡು, ‘ಲಿಂಕ್ ಡಾಕ್ಯುಮೆಂಟ್’ ಎಂಬ ಇನ್ನೊಂದು ಪುಸ್ತಕದಲ್ಲಿ ಜಿಲ್ಲಾವಾರು ಬಿಡಿಸಿಕೊಳ್ಳುತ್ತದೆ. ಊರಿನ ಆಸ್ಪತ್ರೆಗೆ ಎಷ್ಟು ಬಂತೆಂದು ತಿಳಿಯಬೇಕಾದವರು ತೆರೆಯಬೇಕಾದದ್ದು ಆ ಪುಸ್ತಕವನ್ನು.

ಬಿಡುಗಡೆ ಬೇರೆಯೇ ಹಂತ. ಅಭಿಯಾನದ ಹಣ ಮೊದಲು ದೆಹಲಿಯಿಂದ ನೇರವಾಗಿ ರಾಜ್ಯದ ಆರೋಗ್ಯ ಸಂಘದ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2014-15ರಿಂದ ಅದು ರಾಜ್ಯದ ಖಜಾನೆಗೆ ಬಂದು ಅಲ್ಲಿಂದ ಸಂಘಕ್ಕೆ ಹೋಗುವಂತಾಯಿತು. ವಿಧಾನಸಭೆಯ ಕಣ್ಣೆದುರು ಹಣ ಹಾದುಹೋಗುವುದು ಸರಿಯಾದದ್ದೇ. ಆದರೆ ದಾರಿಯಲ್ಲಿ ಒಂದು ನಿಲ್ದಾಣ ಹೆಚ್ಚಿತು. ಖಜಾನೆಯಲ್ಲಿ ಹಣ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಂಗಿತು. 2021ರ ಜುಲೈನಿಂದ ಪ್ರತಿ ಯೋಜನೆಗೂ ರಾಜ್ಯಕ್ಕೊಂದೇ ನೋಡಲ್ ಖಾತೆ ಎಂಬ ವ್ಯವಸ್ಥೆ ಬಂತು. ಜಿಲ್ಲೆ ತಾಲೂಕುಗಳ ನೂರಾರು ಖಾತೆಗಳಲ್ಲಿ ಮಲಗಿದ್ದ ಹಣ ಅದರಿಂದ ಹೊರಬಿತ್ತು. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ, ಕಚೇರಿಯ ಮಾತಿನಲ್ಲಿ ಯುಸಿ, ಹೋಗದೆ ಮುಂದಿನ ಕಂತು ಬರುವುದಿಲ್ಲ. ಒಂದು ಜಿಲ್ಲೆಯ ಯುಸಿ ತಡವಾದರೆ ಇಡೀ ರಾಜ್ಯದ ಕಂತು ತಡವಾಗುತ್ತದೆ.

ಈ ತಡ ಕೊನೆಗೆ ಎಲ್ಲಿ ಬೀಳುತ್ತದೆ ಎಂಬುದನ್ನು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದೊಳಗೆ ನಿಂತು ನೋಡಬಹುದು. ಹಾಸನದಲ್ಲಾಗಲಿ ರಾಯಚೂರಿನಲ್ಲಾಗಲಿ ಒಳಗಿನ ನೋಟ ಹೆಚ್ಚು ಬೇರೆಯಿರುವುದಿಲ್ಲ. ಒಂದೇ ಸೂರಿನಡಿ ಮೂರು ಬಗೆಯ ಸಂಬಳ. ವೈದ್ಯಾಧಿಕಾರಿ ಮತ್ತು ಖಾಯಂ ಶುಶ್ರೂಷಾಧಿಕಾರಿಗೆ ಖಜಾನೆ-2 ಎಂಬ ರಾಜ್ಯದ ಆನ್‌ಲೈನ್ ಖಜಾನೆ ವ್ಯವಸ್ಥೆಯಿಂದ ತಿಂಗಳ ಮೊದಲ ವಾರದಲ್ಲಿ ಸಂಬಳ. ಅದೇ ಕೆಲಸ ಮಾಡುವ ಗುತ್ತಿಗೆ ಶುಶ್ರೂಷಾಧಿಕಾರಿಗೆ ಅಭಿಯಾನದ ಹಣ. ಏಪ್ರಿಲ್, ಮೇ, ಜೂನ್‌ನಲ್ಲಿ ಹೊಸ ವರ್ಷದ ಕಂತು ಬರುವವರೆಗೆ ಕೈ ಖಾಲಿ. ಆಶಾ ಕಾರ್ಯಕರ್ತೆಗೆ ಸಂಬಳವೇ ಇಲ್ಲ, ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮತ್ತು ರಾಜ್ಯ ಸೇರಿಸುವ ಗೌರವಧನ. ಕರ್ನಾಟಕದಲ್ಲಿ ಇಂಥ ಸುಮಾರು 42 ಸಾವಿರ ಹೆಣ್ಣುಮಕ್ಕಳಿದ್ದಾರೆ. ಗರ್ಭಿಣಿಯ ಹೆಸರು ಮೊದಲು ಬರೆದುಕೊಳ್ಳುವವಳು ಅವಳು, ಬಜೆಟ್ಟಿನಲ್ಲಿ ಹಣ ಕೊನೆಗೆ ಮುಟ್ಟುವುದೂ ಅವಳಿಗೆ. ಇದು ಸರಿಯಲ್ಲ, ಇದನ್ನು ಸರಿಪಡಿಸಲು ಹೊಸ ಯೋಜನೆಯೂ ಬೇಕಿಲ್ಲ. ಏಪ್ರಿಲ್‌ನಲ್ಲೇ ಮೊದಲ ಕಂತು ಬಂದರೆ ಸಾಕು.

ಅದೇ ಕೇಂದ್ರದ ಬೀರುವಿನಲ್ಲಿ ಆರೋಗ್ಯ ರಕ್ಷಾ ಸಮಿತಿಯ ನಗದು ಪುಸ್ತಕ ಇರುತ್ತದೆ. ಮೇಲಿನ ಅನುಮತಿ ಇಲ್ಲದೆ ಸ್ಥಳೀಯವಾಗಿ ಖರ್ಚು ಮಾಡಬಹುದಾದ ಮುಕ್ತನಿಧಿ ಈ ಸಮಿತಿಯದು. ಅದರ ಪುಟಗಳಲ್ಲಿ ಕಾಣುವುದು ದೊಡ್ಡ ಸಂಗತಿಗಳೇನಲ್ಲ: ಆಟೋಕ್ಲೇವ್ ರಿಪೇರಿ, ನೀರಿನ ಟ್ಯಾಂಕ್ ತೊಳೆಸಿದ್ದು, ಜನರೇಟರ್‌ಗೆ ಡೀಸೆಲ್, ಹೆರಿಗೆ ಕೋಣೆಯ ಬಲ್ಬು. ಲಸಿಕೆಗಳು ಐಎಲ್‌ಆರ್ ಎಂಬ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಕರೆಂಟ್ ದೀರ್ಘಕಾಲ ಹೋದ ದಿನ ಆ ಪೆಟ್ಟಿಗೆಯನ್ನು ಕಾಯುವುದು ಡೀಸೆಲ್‌ನ ಆ ಕೆಲವು ನೂರು ರೂಪಾಯಿ. ಕೇಂದ್ರ ಸರ್ಕಾರ ಕೊಂಡು ಕಳುಹಿಸಿದ ಲಸಿಕೆಯ ಬೆಲೆಯ ಮುಂದೆ ಅದು ಏನೂ ಅಲ್ಲ, ಆದರೆ ಅದಿಲ್ಲದೆ ಲಸಿಕೆ ಉಳಿಯದು. ಇಡೀ ಆರೋಗ್ಯ ಬಜೆಟ್ಟಿನಲ್ಲಿ ತನ್ನ ಗಾತ್ರಕ್ಕಿಂತ ಹೆಚ್ಚು ಕೆಲಸ ಮಾಡುವ ಹಣ ಈ ಮುಕ್ತನಿಧಿ. ಲೆಕ್ಕ ತಪಾಸಣೆಗೆ ಹೆದರಿ ಅದನ್ನು ಖರ್ಚೇ ಮಾಡದೆ ಹಿಂದಿರುಗಿಸುವ ಕೇಂದ್ರಗಳೂ ಇವೆ ಎಂಬುದು ನೋವಿನ ಮಾತು.

ಹಣವನ್ನು ಕಟ್ಟಡ ಮತ್ತು ಸಿಬ್ಬಂದಿಗೆ ಕೊಡುವ ಬದಲು ರೋಗಿಯ ಬಿಲ್ಲಿಗೆ ಕೊಡುವುದು ಇನ್ನೊಂದು ರೀತಿ. ಕರ್ನಾಟಕ ಇದರಲ್ಲಿ ಮೊದಲೇ ಹೆಜ್ಜೆ ಇಟ್ಟಿತ್ತು. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ, ತಿಂಗಳಿಗೆ ಐದು ರೂಪಾಯಿಯ ವಂತಿಗೆಯೊಂದಿಗೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ. ಅದೇ ವರ್ಷದ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಕೇಂದ್ರದ ಜನಾರೋಗ್ಯ ಯೋಜನೆ ಆರಂಭವಾಗಿ, ಎರಡೂ ಸೇರಿ ‘ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ’ವಾಯಿತು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಬಿಪಿಎಲ್ ಅಲ್ಲದ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ಖರ್ಚು ಇಲ್ಲಿಯೂ 60:40. ಆದರೆ ಕೇಂದ್ರದ ಅರವತ್ತು ಸಲ್ಲುವುದು ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳಿಗೆ ಮಾತ್ರ, ಅದೂ ಕುಟುಂಬಕ್ಕಿಷ್ಟೆಂಬ ಮಿತಿಯೊಳಗೆ. ಪಟ್ಟಿಯ ಆಚೆ ರಾಜ್ಯ ಸೇರಿಸಿಕೊಂಡವರ ಖರ್ಚೆಲ್ಲ ರಾಜ್ಯದ ಹೆಗಲ ಮೇಲೆ. ಕೇಂದ್ರ ಇದಕ್ಕೆ 2025-26ರಲ್ಲಿ ಇಟ್ಟದ್ದು 9,406 ಕೋಟಿ. ಹೃದಯ ಶಸ್ತ್ರಚಿಕಿತ್ಸೆಗೆ ಹೊಲ ಮಾರಬೇಕಾಗಿದ್ದ ಕುಟುಂಬವನ್ನು ಈ ಯೋಜನೆ ಉಳಿಸಬಲ್ಲದು. ಆದರೆ ಅದರ ಹಣ ಒಳರೋಗಿಯಾಗಿ ಮಲಗಿದವರಿಗೆ ಮಾತ್ರ. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ತಿಂಗಳ ಮಾತ್ರೆಗೆ ಅಲ್ಲಿ ಜಾಗವಿಲ್ಲ. ಜನರ ಕೈಯಿಂದ ಸೋರುವ ಹಣದ ದೊಡ್ಡ ಭಾಗ ಮಾತ್ರೆಗಳಿಗೇ ಹೋಗುತ್ತದೆ. ತಮಿಳುನಾಡು 1990ರ ದಶಕದ ಮಧ್ಯದಲ್ಲಿ ಔಷಧ ಖರೀದಿಗೆ ಪ್ರತ್ಯೇಕ ನಿಗಮ ಮಾಡಿ, ಒಟ್ಟಾಗಿ ಕೊಂಡು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಂಚಿದ್ದು ಈ ಸೋರಿಕೆಯನ್ನು ತಡೆಯುವ ಅಗ್ಗದ ದಾರಿಯಾಗಿತ್ತು. ಬೇರೆ ರಾಜ್ಯಗಳೂ ಅದೇ ಜಾಡು ಹಿಡಿದವು. ಕರ್ನಾಟಕದಲ್ಲಿ ಇಂದು ಈ ಕೆಲಸ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ್ದು.

ಎಷ್ಟು ಖರ್ಚು ಮಾಡಬೇಕೆಂಬ ಗುರಿಗಳಿಗೆ ಕೊರತೆಯಿಲ್ಲ. 2002ರ ರಾಷ್ಟ್ರೀಯ ಆರೋಗ್ಯ ನೀತಿ 2010ರ ವೇಳೆಗೆ ಸರ್ಕಾರಿ ವೆಚ್ಚ ಒಟ್ಟು ದೇಶೀಯ ಉತ್ಪನ್ನದ ಶೇ. 2 ಆಗಬೇಕೆಂದಿತು. 2017ರ ನೀತಿ 2025ರ ವೇಳೆಗೆ ಶೇ. 2.5 ಎಂದಿತು, ಅದರಲ್ಲಿ ಮೂರನೇ ಎರಡು ಪಾಲು ಪ್ರಾಥಮಿಕ ಆರೈಕೆಗೆ ಎಂದೂ, ರಾಜ್ಯಗಳು 2020ರ ವೇಳೆಗೆ ತಮ್ಮ ಬಜೆಟ್ಟಿನ ಶೇ. 8ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಕೊಡಬೇಕೆಂದೂ ಸೇರಿಸಿತು. ಮೇಲೆ ಹೇಳಿದ ಕರ್ನಾಟಕದ 2025-26ರ ಅಂಕಿಗಳನ್ನು ಭಾಗಿಸಿದರೆ ಬರುವುದು ಶೇ. 4ಕ್ಕಿಂತ ತುಸು ಹೆಚ್ಚು. ನೀತಿ ಎಂಬುದು ಸಂಪುಟದ ಮಾತು, ಬಜೆಟ್ ಎಂಬುದು ಶಾಸನಸಭೆಯ ಮಾತು. ಮೊದಲನೆಯದನ್ನು ಎರಡನೆಯದಕ್ಕೆ ಕಟ್ಟಿಹಾಕುವ ಕಾನೂನು ಯಾವುದೂ ಇಲ್ಲ.

ವರ್ಷದ ಕೊನೆಯ ತಿಂಗಳು ಎಲ್ಲ ಕಚೇರಿಗಳಲ್ಲೂ ಒಂದೇ ರೀತಿ. ಉಳಿದ ಹಣ ಮಾರ್ಚ್ 31ರ ರಾತ್ರಿ ಲ್ಯಾಪ್ಸ್ ಆಗುತ್ತದೆಂಬ ಭಯಕ್ಕೆ ಬಿಲ್ಲುಗಳು ಖಜಾನೆಯ ಮುಂದೆ ಸಾಲು ನಿಲ್ಲುತ್ತವೆ. ಕೊನೆಯ ತ್ರೈಮಾಸಿಕದಲ್ಲಿ ಶೇ. 33, ಮಾರ್ಚ್‌ನಲ್ಲಿ ಶೇ. 15ಕ್ಕಿಂತ ಹೆಚ್ಚು ಖರ್ಚಾಗಬಾರದೆಂದು ಕೇಂದ್ರ ಹಣಕಾಸು ಸಚಿವಾಲಯದ ಸೂಚನೆ ಇದೆ. ಮಾರ್ಚ್‌ನ ಅವಸರದಲ್ಲಿ ಕೊಂಡ ಯಂತ್ರ ನಡೆಸುವವರಿಲ್ಲದೆ ಪ್ಯಾಕಿಂಗ್ ಬಿಚ್ಚದೆ ಕೂತಿರುವುದು ಲೆಕ್ಕಪರಿಶೋಧನಾ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಆ ವರದಿಗಳನ್ನು ಕೊಡುವವರು ಭಾರತದ ಮಹಾಲೇಖಪಾಲರು, ಅವುಗಳ ಮೇಲೆ ಕಾರ್ಯದರ್ಶಿಗಳನ್ನು ಕರೆಸಿ ಪ್ರಶ್ನಿಸುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಕೊಟ್ಟದ್ದಕ್ಕಿಂತ ಹೆಚ್ಚು ಖರ್ಚಾಗಿದ್ದರೆ ಶಾಸನಸಭೆ ಅದನ್ನು ಸಕ್ರಮಗೊಳಿಸಬೇಕು, ಉಳಿದಿದ್ದರೆ ಏಕೆ ಉಳಿಯಿತೆಂದು ಇಲಾಖೆ ಹೇಳಬೇಕು. ಉಳಿತಾಯ ಎಂಬ ಪದ ಮನೆಯ ಲೆಕ್ಕದಲ್ಲಿ ಸಂತೋಷದ್ದು. ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಅದರ ಅರ್ಥ ತುಂಬದೆ ಬಿಟ್ಟ ಹುದ್ದೆ, ಕೊಳ್ಳದೆ ಬಿಟ್ಟ ಔಷಧ.

ಎಲ್ಲ ಚೀಲಗಳನ್ನೂ ಒಂದೇ ಕಡೆ ಸುರಿದು ಎಣಿಸುವ ಕೆಲಸವನ್ನು ‘ರಾಷ್ಟ್ರೀಯ ಆರೋಗ್ಯ ಲೆಕ್ಕಗಳು’ ಎಂಬ ವರದಿ ಮಾಡುತ್ತದೆ. ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆ, ಇಎಸ್‌ಐ, ಖಾಸಗಿ ವಿಮೆ ಮಾತ್ರವಲ್ಲ, ಯಾವ ಶಾಸನಸಭೆಯೂ ಮಂಜೂರು ಮಾಡದ ಇನ್ನೊಂದು ಬಾಬತ್ತೂ ಅದರಲ್ಲಿ ಇರುತ್ತದೆ: ಮನೆಮಂದಿ ತಮ್ಮ ಜೇಬಿನಿಂದ ಕೊಟ್ಟದ್ದು. 2004-05ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜೇಬಿನ ಪಾಲು ಶೇ. 69.4. 2013-14ರಲ್ಲಿ ಶೇ. 64.2, 2021-22ರಲ್ಲಿ ಶೇ. 39.4. ಸರ್ಕಾರಿ ವೆಚ್ಚ 2013-14ರಲ್ಲಿ ದೇಶೀಯ ಉತ್ಪನ್ನದ ಶೇ. 1.15 ಇದ್ದದ್ದು 2021-22ರಲ್ಲಿ ಶೇ. 1.84ಕ್ಕೆ ಏರಿತು. ಏರಿಕೆ ನಿಜ, ಆದರೆ ಆ ಕೊನೆಯ ವರ್ಷ ಕೋವಿಡ್ ಲಸಿಕೆಯ ವರ್ಷ. ಜೇಬಿನ ವೆಚ್ಚದ ಅಂದಾಜಿಗೆ ಆಧಾರವಾದ ಮನೆಮನೆ ಸಮೀಕ್ಷೆ 2017-18ರದು ಎಂಬ ಕಾರಣಕ್ಕೆ ಇಳಿಕೆಯ ಪ್ರಮಾಣವನ್ನು ಅರ್ಥಶಾಸ್ತ್ರಜ್ಞರು ಪ್ರಶ್ನಿಸಿದ್ದೂ ಉಂಟು. 2021-22ರ ಈ ಲೆಕ್ಕ ಅಚ್ಚಾಗಿ ಹೊರಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಸಂಸತ್ತು ಮುಂದಿನ ಮೂರು ವರ್ಷಗಳ ಆರೋಗ್ಯ ಬೇಡಿಕೆಗಳಿಗೆ ಮತ ಕೊಟ್ಟು ಮುಗಿಸಿತ್ತು, ನಾಲ್ಕನೆಯದರ ತಯಾರಿ ಶುರುವಾಗುವ ಹೊತ್ತಾಗಿತ್ತು.